ಕೊಂಡ ಮೇಲೆ ಬೆಲೆ ಇಳಿದರೆ?

ಹಲಸೂರಿನ ಓದುಗರೊಬ್ಬರು ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ 43 ಇಂಚಿನ ಟಿವಿ ಕೊಂಡರು. ವಾರದೊಳಗೆ ಬೆಲೆ ಇಳಿಯಿತು. ವಾಪಸ್ ಕೊಟ್ಟು ಅದನ್ನೇ ಹೊಸ ಬೆಲೆಗೆ ಕೊಳ್ಳಬಹುದೇ ಎಂದು ಅವರು ಕೇಳಿದ್ದಾರೆ.

ಅಂಗಡಿಯವರು ಒಪ್ಪಿದರೆ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯದಿರುವುದು ತಪ್ಪು. ಬೆಲೆ ಇಳಿದದ್ದು ದೋಷವಲ್ಲ.

ತೆರಿಗೆ ಕಡಿತದಿಂದ ಬೆಲೆ ಇಳಿದಾಗಲೂ ಹೀಗೆಯೇ. 2025ರ ಸೆಪ್ಟೆಂಬರ್ 22ರಂದು 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಎಸಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿ 40,000 ರೂಪಾಯಿ ಇದ್ದ ಟಿವಿಯ ಬೆಲೆ ಆ ಲೆಕ್ಕದಲ್ಲಿ 36,875 ರೂಪಾಯಿ. ಉಳಿಯುವ 3,125 ರೂಪಾಯಿ ಮಧ್ಯಮ ವರ್ಗದ ಮನೆಗೆ ನಿಜಕ್ಕೂ ದೊಡ್ಡದು. ಆದರೂ ಹಿಂದಿನ ದಿನವೇ ಬಿಲ್ಲಾಗಿ ಮನೆ ಸೇರಿದ ವಸ್ತುವಿಗೆ ಹಳೆಯ ದರವೇ ಅನ್ವಯ.

ಈ ಓದುಗರು ಮೊದಲು ವ್ಯತ್ಯಾಸದ ಹಣವನ್ನಷ್ಟೇ ಕೇಳುವುದು ಒಳ್ಳೆಯದು. ಪೆಟ್ಟಿಗೆ ಒಡೆದಿಲ್ಲದಿದ್ದರೆ ಮಾತು ಸುಲಭ. ಗೋಡೆಗೆ ಹಾಕಿಸಿಯಾಗಿದ್ದರೆ ಕಷ್ಟ. ಕಂತಿನಲ್ಲಿ ಕೊಂಡಿದ್ದರೆ ಸಂಸ್ಕರಣಾ ಶುಲ್ಕ ಮರಳುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಲಿ. ಶಿವಾಜಿನಗರದ ಸಣ್ಣ ಅಂಗಡಿಗಳಲ್ಲಾದರೆ ನಗದಿನ ಬದಲು ಬೇರೆ ವಸ್ತು ಕೇಳಿದರೆ ಮಾಲೀಕರಿಗೂ ಹಗುರ. ಇಲ್ಲದ ದೋಷ ಹೇಳಿ ವಾಪಸ್ ಕೊಡುವ ದಾರಿ ಮಾತ್ರ ಬೇಡ, ಅದು ವಂಚನೆ.

ಬಿಲ್ಲಿನಲ್ಲಿ ವಾಪಸಾತಿಯ ಭರವಸೆ ಇದ್ದೂ ಅಂಗಡಿ ನಿರಾಕರಿಸಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.