ಬೊಲೆರೊದ ಹಳೇ ಬಾಕಿ

ಮೊನ್ನೆ ಶನಿವಾರ ನೀನು ಪಾವಗಡದ ಶನಿಮಹಾತ್ಮನ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ನಾಲ್ಕು ಚಕ್ರದಡಿಗೂ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದ ಫೋಟೊ ನಮ್ಮ ಮನೆಯ ಗ್ರೂಪಿಗೆ ಬಂತು. ನಿನ್ನ ದೊಡ್ಡಮ್ಮ ಹಿಗ್ಗಿದಳು. ನಾನು ಕನ್ನಡಕ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿ ನೋಡಿದ್ದು ಟೈರನ್ನ. ನಿಂಬೆಹಣ್ಣಿನ ಮೇಲ್ಗಡೆಯೇ ಸಣ್ಣ ಬಿರುಕುಗಳು ಕಂಡವು. ಟೈರಿನ ಬಟನ್ ಇನ್ನೂ ಸವೆದಿಲ್ಲವಲ್ಲ ದೊಡ್ಡಪ್ಪ ಅಂತೀಯ, ಗೊತ್ತು. ಟೈರಿಗೂ ವಯಸ್ಸಾಗುತ್ತಪ್ಪ, ಸವೆಯದೆ ನಿಂತರೂ ಆಗುತ್ತೆ. ಪಕ್ಕದ ರಬ್ಬರಿನ ಮೇಲೆ ನಾಲ್ಕು ಅಂಕಿ ಒತ್ತಿರ್ತಾರೆ, ಹುಡುಕಿ ನೋಡು. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರಲ್ಲಿ ಶಿರಾ ಹತ್ತಿರ ಹೆದ್ದಾರಿ ಹತ್ತಿ, ಏಪ್ರಿಲ್ ಬಿಸಿಲಲ್ಲಿ ನೂರರ ವೇಗಕ್ಕೆ ಹೋಗೋದು ಬೇಡ.

ನಿಮ್ಮಪ್ಪ ತಿರುಮಣಿ ಸೋಲಾರ್ ಪಾರ್ಕಿಗೆ ಹೊಲ ಗುತ್ತಿಗೆ ಕೊಟ್ಟಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂರೋ ಹೊಲದಿಂದ ಅಂಥ ನಿಶ್ಚಿತ ದುಡ್ಡನ್ನ ನಮ್ಮಪ್ಪ ಕಂಡವನಲ್ಲ. ಅದರಲ್ಲಿ ಗಾಡಿ ತಗೊಂಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ನೀನು ತಗೊಂಡ ಬೊಲೆರೊ ಎಲ್ಲಿ ದುಡಿದಿದ್ದು? ಅದೇ ಸೋಲಾರಲ್ಲಿ. 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕು ಎದ್ದು ನಿಲ್ಲೋವಾಗ ಧೂಳು ಕುಡಿದ ಗಾಡಿ ಅದು. ಮೀಟರಿನಲ್ಲಿ 1,90,000 ಅಂತಿದೆ. ಮೀಟರು ಹೇಳಿದ್ದನ್ನ ನಂಬಬೇಡ, ಕ್ಲಚ್ ಪೆಡಲಿನ ರಬ್ಬರ್ ನೋಡು, ಡ್ರೈವರ್ ಸೀಟಿನ ಬಲಗಡೆ ಅಂಚು ನೋಡು. ಅವನ್ನ ಹಿಂದಕ್ಕೆ ತಿರುಗಿಸೋಕೆ ಬರಲ್ಲ.

ಹಳೇ ಗಾಡಿ ಕೊಂಡವನು ಅದರ ಜೊತೆಗೆ ಹಿಂದಿನವನ ಸಾಲವನ್ನೂ ಕೊಂಡಿರ್ತಾನೆ. ಅವನು ಬದಲಿಸದೆ ಬಿಟ್ಟ ಆಯಿಲ್, ಹೊಡೆಸದೆ ಬಿಟ್ಟ ಗ್ರೀಸು, ಮುಂದಿನ ತಿಂಗಳು ನೋಡೋಣ ಅಂದ ಬ್ರೇಕ್ ಲೈನರ್, ಎಲ್ಲ ಈಗ ನಿನ್ನ ಲೆಕ್ಕಕ್ಕೆ ಬಂದಿದೆ. ಆ ಬಾಕಿ ತೀರಿಸೋಕೆ ಮುಂಚೆ ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಮ್ ಅಂದ್ಯೋ, ನನ್ನ ಮನೆ ಮುಂದೆ ಗಾಡಿ ನಿಲ್ಲಿಸಬೇಡ.

ಮೊದಲು ನೀರಿನ ವಿಷಯ. ಇದನ್ನ ಯಾವ ಕಂಪನಿಯ ಪುಸ್ತಕದಲ್ಲೂ ನಮ್ಮೂರಿನವರಿಗೆ ಅಂತ ಬರೆದಿಲ್ಲ. 1998ರಲ್ಲಿ ನಾನು ಬಾಡಿಗೆ ಸುಮೋ ಓಡಿಸುತ್ತಿದ್ದೆ. ಪಾವಗಡದಿಂದ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೊರಟ ಮದುವೆ ಮನೆಯವರು, ಗಾಡಿ ತುಂಬ ಜನ. ಮಿಡಿಗೇಶಿ ದಾಟುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯ್ತು, ಬಾನೆಟ್ಟಿನಿಂದ ಹಬೆ. ಗ್ಯಾಸ್ಕೆಟ್ ಹೋಗಿ ಹೆಡ್ ಬೆಂಡಾಗಿತ್ತು. ಮಾಲೀಕ ಅದರ ಖರ್ಚನ್ನ ಮೂರು ತಿಂಗಳು ನನ್ನ ಸಂಬಳದಲ್ಲೇ ಹಿಡಿದ. ಮೇಸ್ತ್ರಿ ರೇಡಿಯೇಟರ್ ಕಳಚಿ ತೋರಿಸಿದಾಗ ನನಗೆ ನಮ್ಮ ಬಚ್ಚಲಿನ ಹಂಡೆ ನೆನಪಾಯ್ತು. ಒಳಗೆಲ್ಲ ಅದೇ ಬಿಳೀ ಗಾರೆ. ದಾರಿಯಲ್ಲಿ ಯಾವ ಪಂಪ್‌ಸೆಟ್ ಕಂಡರೂ ನಿಲ್ಲಿಸಿ ನಾನೇ ಕೊಡ ತುಂಬಿ ಸುರಿದಿದ್ದೆನಲ್ಲ!

ಪಾವಗಡ, ಶಿರಾ, ಮಧುಗಿರಿಯ ಬೋರ್‌ವೆಲ್ ನೀರಿನ ಕಥೆ ನಿನಗೆ ಗೊತ್ತಿದ್ದದ್ದೇ. ಫ್ಲೋರೈಡು ನಮ್ಮವರ ಹಲ್ಲು, ಮೂಳೆಗೆ ಬಂತು. ಆದರೆ ರೇಡಿಯೇಟರನ್ನ ಕೆಡಿಸೋದು ಗಡಸು, ಅಂದರೆ ಸುಣ್ಣದಂಥ ಲವಣ. ಕಾಯುವಾಗ ಅದು ಕೊಳವೆಗೆ ಅಂಟುತ್ತೆ, ಶಾಖ ಹೊರಗೆ ಹೋಗೋಕೆ ದಾರಿ ಇರಲ್ಲ. ಗಾಡಿ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆದು ನೋಡು. ಹಸಿರೋ ಗುಲಾಬಿಯೋ ಕೂಲೆಂಟ್ ಇದ್ದರೆ ಸರಿ. ಕೆಮ್ಮಣ್ಣಿನ ನೀರಿದ್ದರೆ ಹಿಂದಿನವನ ಯೋಗ್ಯತೆ ಅಲ್ಲೇ ಗೊತ್ತಾಯ್ತು. ಎಲ್ಲ ಇಳಿಸಿ, ತೊಳೆಸಿ, ಕೂಲೆಂಟು ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿಸು. ಹೋಸ್ ಪೈಪುಗಳನ್ನ ಹಿಚುಕಿ ನೋಡು, ಒಣಗಿದ್ದರೆ ಅವನ್ನೂ ಬದಲಿಸು.

ಇನ್ನೊಂದು. ಬಿಸಿಲೂರು ಅಂತ ಕೆಲವರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿರ್ತಾರೆ. ಗಾಡಿ ತಣ್ಣಗಿರುತ್ತೆ ಅನ್ನೋ ಲೆಕ್ಕಾಚಾರ. ಆಗ ಇಂಜಿನ್ ಸರಿಯಾಗಿ ಕಾಯದೆ ಡೀಸೆಲ್ ಹೆಚ್ಚು ಕುಡಿಯುತ್ತೆ, ಬೇಗ ಸವೆಯುತ್ತೆ. ಬೆಳಗ್ಗೆ ಹತ್ತು ಕಿಲೋಮೀಟರ್ ಓಡಿಸಿದರೂ ಮುಳ್ಳು ಮೇಲೇಳದಿದ್ದರೆ ಅನುಮಾನ ಪಡು.

ಬ್ರೇಕ್ ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಚೌಕಾಸಿ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ, ಇಳಿಜಾರಿನಲ್ಲಿ ಬಿಸಿಯಾದಾಗ ಒಳಗೆ ಆವಿಯಾಗಿ ಪೆಡಲು ಪೊಳ್ಳಾಗಿ ತಳಕ್ಕೆ ಹೋಗುತ್ತೆ. ನೀನು ಕೊರಟಗೆರೆ ಕಡೆ ಸಿದ್ಧರಬೆಟ್ಟ, ದೇವರಾಯನದುರ್ಗ ಅಂತ ಗೆಳೆಯರನ್ನ ಕಟ್ಟಿಕೊಂಡು ತಿರುಗೋನು. ದೇವರಾಯನದುರ್ಗದ ತಿರುವುಗಳಲ್ಲಿ ಎರಡನೇ ಗೇರಿನಲ್ಲೇ ಇಳಿ. ಪಕ್ಕದಲ್ಲಿ ಕೂತವನು ಹೆದರುಪುಕ್ಕಲ ಅಂದರೆ ಇಳಿಸಿ ನಡೆಸು.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಒಂದೇ ಸಲಕ್ಕೆ ಹೊಸದು ಮಾಡಿಬಿಡು. ಡೀಸೆಲ್ ಗಾಡಿಯ ಇಂಜಿನ್ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಮಾತ್ರ ಅದಕ್ಕೆ ನೀರು ಸೇರಿದೆ, ಗಾಡಿ ಆಫ್ ಮಾಡಿ ನನಗೆ ಫೋನು ಮಾಡು. ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಆಯಿಲನ್ನ ಎಲ್ಲರೂ ಮರೀತಾರೆ, ನೀನು ಮರೀಬೇಡ. ಸ್ಟಾರ್ಟಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಉಗುಳುತ್ತಾ ನೋಡು. ಬ್ಯಾಕ್ ಕಂಪ್ರೆಷನ್ ಜಾಸ್ತಿ ಇದ್ದರೆ ಇಂಜಿನ್ ಕೆಲಸ ದೂರವಿಲ್ಲ, ಈಗಿನಿಂದಲೇ ದುಡ್ಡು ಕೂಡಿಡು. ಒಳಗೆ ತೊಳೆಯೋ ದ್ರಾವಣ, ಮೈಲೇಜ್ ಕೊಡೋ ಔಷಧಿ ಅಂತ ಬಾಟಲಿ ಮಾರ್ತಾರೆ. ನನಗಂತೂ ಅದರಲ್ಲಿ ನಂಬಿಕೆ ಇಲ್ಲ.

ಫಿಲ್ಟರು, ಆಯಿಲಿನ ಕೆಲಸ ಒಟ್ಟಿಗೆ ಆಗಲಿ. ಆದರೆ ರಿಪೇರಿಗಳನ್ನ ಒಂದೊಂದಾಗಿ ಮಾಡಿಸು. ಸ್ಟೇರಿಂಗ್ ಎಂಡು, ಹಿಂದಿನ ಪ್ಲೇಟಿನ ಬುಷ್ಷು, ಕ್ಲಚ್ಚು ಎಲ್ಲ ಒಂದೇ ದಿನ ಬಿಚ್ಚಿಸಿದರೆ, ಮಾರನೇ ದಿನ ಬಂದ ಹೊಸ ಸದ್ದು ಯಾವುದರದ್ದು ಅಂತ ಮೇಸ್ತ್ರಿಗೂ ತಿಳಿಯಲ್ಲ. ಒಂದು ಮಾಡಿಸು, ಐನೂರು ಕಿಲೋಮೀಟರ್ ಓಡಿಸು, ಕಿವಿಗೊಟ್ಟು ಕೇಳು. ಕಿತ್ತ ಹಳೇ ಸಾಮಾನು ನಿನ್ನ ಕೈಗೆ ಕೊಡೋಕೆ ಹೇಳು. ಕೊಡೋಕೆ ಗೊಣಗುವ ಗ್ಯಾರೇಜಿಗೆ ಎರಡನೇ ಸಲ ಹೋಗಬೇಡ. ಮೇಸ್ತ್ರಿ ಗಾಡಿ ಕೆಳಗೆ ಮಲಗಿರುವಾಗ ನೀನು ಮೊಬೈಲ್ ಹಿಡಿದು ಟೀ ಅಂಗಡಿಯಲ್ಲಿ ಕೂರಬೇಡ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿ. ನಾನು ಕಲಿತದ್ದೆಲ್ಲ ಟಾರ್ಚು ಹಿಡಿದೇ.

ಕಾಗದದ ಬಾಕಿಯೂ ಇದೆ. ಗಾಡಿ ಮಡಕಶಿರಾ ಕಡೆಯಿಂದ ಬಂದಿದೆ, ನಂಬರು ಇನ್ನೂ ಎಪಿ 02. ಅಲ್ಲಿಂದ ಎನ್‌ಒಸಿ ತರಿಸಿ, ನಮ್ಮ ಮಧುಗಿರಿ ಆರ್‌ಟಿಒದಲ್ಲಿ ಟ್ಯಾಕ್ಸ್ ಕಟ್ಟಿ ಕೆಎ 64 ಮಾಡಿಸು. ಗಡಿಯ ಊರು, ಯಾರು ಕೇಳ್ತಾರೆ ಅನ್ನಬೇಡ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರು ಕೇಳ್ತಾರೆ, ಆರ್‌ಸಿಯಲ್ಲಿ ಯಾರ ಹೆಸರಿದೆ ಅಂತ.

ಭಾನುವಾರ ಬೆಳಗ್ಗೆ ಆರಕ್ಕೇ ಬಾ, ಬಿಸಿಲೇರಿದ ಮೇಲೆ ಬೇಡ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯೋಣ. ಡಿಸ್ಟಿಲ್ಡ್ ವಾಟರ್ ಎರಡು ಕ್ಯಾನು ನಾನು ತಂದಿಟ್ಟಿದ್ದೀನಿ. ಕೂಲೆಂಟು ನೀನು ತಾ. ಒಂದು ಇನ್ನೂರು ಪುಟದ ನೋಟ್‌ಬುಕ್ಕೂ ತಾ, ಮೊದಲ ಸಾಲು ನಾನು ಬರೀತೀನಿ: ತಾರೀಖು, ಕಿಲೋಮೀಟರು, ಏನು ಬದಲಿಸಿದ್ದು, ಎಷ್ಟು ಕೊಟ್ಟದ್ದು. ದೊಡ್ಡಮ್ಮ ಅವತ್ತು ಕಡಲೆಕಾಯಿ ಚಟ್ನಿಗೆ ಇಡ್ಲಿ ಮಾಡ್ತಾಳಂತೆ.