ಮನೆಯಂಗಳದ ಜೀಪು ದುರಸ್ತಿ: ಬಿಡಿಭಾಗ ವರ್ತಕರಿಗೂ ಸಣ್ಣ ತಯಾರಕರಿಗೂ ಒಂದು ಪಾಠ

ವಾಹನವೊಂದು ಮಾರಾಟವಾದ ದಿನಕ್ಕೆ ಅದರ ವ್ಯಾಪಾರ ಮುಗಿಯುವುದಿಲ್ಲ. ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಕಾಲ ಅದು ಎಣ್ಣೆ, ಬೇರಿಂಗ್, ರಬ್ಬರ್ ಬುಷ್, ನಟ್ಟು ಬೋಲ್ಟುಗಳನ್ನು ಬೇಡುತ್ತಲೇ ಇರುತ್ತದೆ. ಕಾಡು, ಗುಡ್ಡ, ತೋಟಗಳ ಹಾದಿಯಲ್ಲಿ ಓಡುವ ನಾಲ್ಕು ಚಕ್ರ ಚಾಲನೆಯ ವಾಹನಗಳ ಮಟ್ಟಿಗೆ ಈ ಬೇಡಿಕೆ ಇನ್ನೂ ಹೆಚ್ಚು. ಇಂತಹ ವಾಹನಗಳ ಮಾಲೀಕರಲ್ಲಿ ಅನೇಕರು ಸಣ್ಣಪುಟ್ಟ ದುರಸ್ತಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ತಮ್ಮ ಅನುಕೂಲಕ್ಕೆ ತಕ್ಕ ಮಾರ್ಪಾಡುಗಳನ್ನೂ ಬಯಸುತ್ತಾರೆ. ಈ ಗ್ರಾಹಕನನ್ನು ಅರಿತು ಸರಕು ಒದಗಿಸುವ ವರ್ತಕನಿಗೆ ಒಳ್ಳೆಯ ಅವಕಾಶವಿದೆ. ಅರಿಯದೆ ಸರಕು ಮಾರಿದವನಿಗೆ ಕಾನೂನಿನ ತೊಡಕೂ ಇದೆ, ಜೀವಹಾನಿಗೆ ಕಾರಣನಾಗುವ ಅಪಾಯವೂ ಇದೆ.

ಹಿನ್ನೆಲೆ

ಭಾರತದಲ್ಲಿ ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಜೀಪು ಮನೆಯ ಸದಸ್ಯನಂತೆಯೇ ಬೆಳೆದುಬಂದಿದೆ. ಗೊಬ್ಬರ, ಕಾಫಿ ಮೂಟೆ, ಕೆಲಸಗಾರರು ಎಲ್ಲಕ್ಕೂ ಅದೇ ವಾಹನ. ಪೇಟೆಯ ಗ್ಯಾರೇಜು ದೂರವಿದ್ದುದರಿಂದ ಎಣ್ಣೆ ಬದಲಿಸುವುದು, ಗ್ರೀಸ್ ಹೊಡೆಯುವುದು, ಬ್ರೇಕ್ ಬಿಗಿಮಾಡುವುದು ಮನೆಯಂಗಳದ ಕೆಲಸಗಳಾದವು. ಮಾರುತಿ ಜಿಪ್ಸಿ 1985ರಲ್ಲಿ ಬಂದಿತು. 2010ರಲ್ಲಿ ಥಾರ್, 2020ರಲ್ಲಿ ಅದರ ಎರಡನೆಯ ತಲೆಮಾರು, 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂದ ಮೇಲೆ ನಗರವಾಸಿಗಳೂ ಈ ಹವ್ಯಾಸಕ್ಕೆ ಬಂದಿದ್ದಾರೆ. ತೋಟದ ಮಾಲೀಕನಿಗೆ ವಾಹನ ನಿಲ್ಲದೆ ಓಡಬೇಕು. ಹವ್ಯಾಸಿಗೆ ವಾಹನ ತನ್ನದೆಂದು ಕಾಣಬೇಕು. ಇಬ್ಬರ ಕೊಳ್ಳುವ ರೀತಿಯೂ ಬೇರೆ ಬೇರೆ.

ಸ್ವಂತ ಅಗತ್ಯದಿಂದ ಹುಟ್ಟಿದ ಉದ್ದಿಮೆಗಳು

ಈ ಕ್ಷೇತ್ರದ ಎರಡು ಪ್ರಸಿದ್ಧ ಉದ್ದಿಮೆಗಳ ಆರಂಭವನ್ನು ಗಮನಿಸುವುದು ಉಪಯುಕ್ತ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಸೇನೆಯ ಹೆಚ್ಚುವರಿ ಜೀಪುಗಳು ಜನಸಾಮಾನ್ಯರ ಕೈಸೇರಿದವು. ಅವುಗಳಲ್ಲಿ ಒಂದು ಕೊರತೆಯಿತ್ತು. ಡಾಂಬರು ರಸ್ತೆಯಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆಯುತ್ತಿದ್ದಾಗಲೂ ಮುಂದಿನ ಚಕ್ರಗಳು ತಮ್ಮೊಡನೆ ಆಕ್ಸಲ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟುಗಳನ್ನು ವೃಥಾ ತಿರುಗಿಸುತ್ತಿದ್ದವು. ಇದರಿಂದ ಸವೆತವೂ ಇಂಧನದ ವ್ಯಯವೂ ಹೆಚ್ಚುತ್ತಿದ್ದವು. ಆರ್ಥರ್ ವಾರ್ನ್ 1948ರಲ್ಲಿ ಸ್ಥಾಪಿಸಿದ ಉದ್ದಿಮೆಯು ಬೇಡವಾದಾಗ ಚಕ್ರವನ್ನು ಆಕ್ಸಲಿನಿಂದ ಬೇರ್ಪಡಿಸುವ ಲಾಕಿಂಗ್ ಹಬ್ ತಯಾರಿಸಿ ಬೆಳೆಯಿತು. 1959ರಲ್ಲಿ ಅದು ವಿದ್ಯುತ್ ವಿಂಚನ್ನು ಮಾರುಕಟ್ಟೆಗೆ ತಂದಿತು.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1975ರಲ್ಲಿ ಆರಂಭವಾದ ಎ.ಆರ್.ಬಿ. ಸಂಸ್ಥೆಯ ಹೆಸರು ಅದರ ಸ್ಥಾಪಕ ಆಂಥೊನಿ ರೊನಾಲ್ಡ್ ಬ್ರೌನ್ ಅವರ ಹೆಸರಿನ ಮೊದಲಕ್ಷರಗಳಿಂದ ಬಂದಿದೆ. ದೇಶದ ಉತ್ತರ ಭಾಗದ ಒರಟು ಹಾದಿಗಳಲ್ಲಿ ಆಗಿನ ಬುಲ್ ಬಾರ್, ಚಾವಣಿ ಕ್ಯಾರಿಯರ್‌ಗಳು ಬಾಳಿಕೆ ಬರದಿದ್ದುದನ್ನು ಕಂಡು, ಅವರು ಮನೆಯ ಗ್ಯಾರೇಜಿನಲ್ಲಿ ಗಟ್ಟಿಯಾದವನ್ನು ತಯಾರಿಸತೊಡಗಿದರು. 1987ರಲ್ಲಿ ಆ ಸಂಸ್ಥೆಯು ಷೇರು ಮಾರುಕಟ್ಟೆಯನ್ನು ಪ್ರವೇಶಿಸಿತು.

ಎರಡೂ ಕಡೆ ಬಳಕೆದಾರನ ಒಂದೇ ಒಂದು ನಿರ್ದಿಷ್ಟ ತೊಂದರೆಗೆ ಪರಿಹಾರ ಕೊಡುವುದರಿಂದ ಉದ್ದಿಮೆ ಮೊದಲಾಯಿತು. ಪೀಣ್ಯದ ಯಂತ್ರಾಗಾರಗಳಲ್ಲಿ, ಬೆಳಗಾವಿ ಮತ್ತು ಶಿವಮೊಗ್ಗೆಯ ಫೌಂಡ್ರಿಗಳಲ್ಲಿ ಇಂತಹ ಭಾಗಗಳನ್ನು ತಯಾರಿಸುವ ಕೌಶಲವಿದೆ. ತೊಂದರೆಯನ್ನು ಗುರುತಿಸುವ ಕೆಲಸಕ್ಕೆ ತೋಟದ ಜೀಪುಗಳ ಬಳಿ ಹೋಗಿ ನೋಡಬೇಕು.

ಒಂದು ಸಣ್ಣ ಉದಾಹರಣೆ

ಹಳ್ಳ ದಾಟುವ ಜೀಪಿನ ಡಿಫರೆನ್ಷಿಯಲ್ ಓಟದಿಂದ ಬಿಸಿಯಾಗಿರುತ್ತದೆ. ತಣ್ಣೀರಿನಲ್ಲಿ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಗಾಳಿಯಾಡಲು ಇಟ್ಟಿರುವ ಬ್ರೀದರ್ ಅಥವಾ ಸವೆದ ಸೀಲಿನ ಮೂಲಕ ನೀರು ಒಳಸೇರುತ್ತದೆ. ಎಣ್ಣೆಯು ಹಾಲು ಬೆರೆತ ಚಹದಂತೆ ಬಿಳಿಚಿಕೊಂಡರೆ ನೀರು ಸೇರಿದೆಯೆಂದೇ ಅರ್ಥ. ಅದೇ ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗುಗಳಿಗೆ ತುಕ್ಕು ಹಿಡಿದು ಬಹಳ ದೊಡ್ಡ ಖರ್ಚು ಬರುತ್ತದೆ. ಬ್ರೀದರಿಗೆ ಎಣ್ಣೆ ತಾಳುವ ರಬ್ಬರ್ ಕೊಳವೆ ಜೋಡಿಸಿ, ಅದರ ತುದಿಯನ್ನು ಬಾನೆಟ್ಟಿನ ಕೆಳಗೆ ಎತ್ತರದಲ್ಲಿ ಕಟ್ಟುವುದು ಪರಿಹಾರ. ಇದಕ್ಕೆ ಬೇಕಾದುದು ಒಂದು ನಿಪ್ಪಲ್, ಕೊಳವೆ, ನಾಲ್ಕು ಕ್ಲಿಪ್ಪು, ಒಂದು ಚಿಕ್ಕ ಫಿಲ್ಟರ್. ವಾಹನದ ಚಾಸಿಯನ್ನು ಕೊಯ್ಯುವುದಾಗಲಿ, ವೆಲ್ಡ್ ಮಾಡುವುದಾಗಲಿ ಇಲ್ಲಿ ಇಲ್ಲ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಕಿಟ್ಟಿಗೆ ಸಾಮಗ್ರಿ 180 ರೂ., ಕೂಲಿ 40 ರೂ., ಪೊಟ್ಟಣ ಮತ್ತು ಸೂಚನಾಪತ್ರ 30 ರೂ., ಒಟ್ಟು 250 ರೂ. ವರ್ತಕನಿಗೆ ತೆರಿಗೆ ಬಿಟ್ಟು 340 ರೂ.ಗೆ ಕೊಟ್ಟರೆ 100 ಕಿಟ್ಟುಗಳಿಂದ ಉಳಿಯುವುದು 9,000 ರೂ. ನಿಪ್ಪಲಿನ ಮರೆ ಹೊಂದದೆ ಐದು ಕಿಟ್ಟುಗಳು ಹಿಂದಿರುಗಿದವೆನ್ನೋಣ. ಬದಲಿ ಕಿಟ್ಟಿಗೆ 250 ರೂ., ಸಾಗಣೆಗೆ 100 ರೂ.ನಂತೆ 1,750 ರೂ. ಕೈಬಿಟ್ಟು ಉಳಿಯುವುದು 7,250 ರೂ. ಯಾವ ವರ್ಷದ ಯಾವ ಮಾದರಿಗೆ ಹೊಂದುತ್ತದೆ ಎಂಬ ಪಟ್ಟಿಯನ್ನು ಪೊಟ್ಟಣದ ಮೇಲೆಯೇ ಮುದ್ರಿಸಿದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ.

ಮನೆಯಲ್ಲಿ ದುರಸ್ತಿ ಮಾಡುವವನಿಗೆ ಕೈಹಿಡಿದು ತೋರಿಸುವ ಮೇಸ್ತ್ರಿ ಇರುವುದಿಲ್ಲ. ಆದ್ದರಿಂದ ಸೂಚನಾಪತ್ರವೂ ಸರಕಿನ ಭಾಗವೇ ಆಗಿದೆ. ಅದು ಕನ್ನಡದಲ್ಲಿರಬೇಕು. ಬೇಕಾದ ಸ್ಪ್ಯಾನರಿನ ಅಳತೆ, ಕೆಲಸದ ಕ್ರಮ, ವಾಹನದ ಕೈಪಿಡಿಯಲ್ಲಿ ಹೇಳಿರುವ ಬಿಗಿತದ ಪ್ರಮಾಣ, ಕೆಲಸ ಮುಗಿದ ಮೇಲೆ ಏನನ್ನು ಪರೀಕ್ಷಿಸಬೇಕು ಎಂಬುದು ಇರಬೇಕು. ಕೇವಲ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಕೊಡಲೇಬೇಕು ಎಂಬ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲಿಯೇ ಹಾಕುವುದು ಒಳಿತು.

ಟೈರಿನ ಲೆಕ್ಕ

ಹವ್ಯಾಸಿಗಳು ಮೊದಲು ಕೇಳುವುದು ದೊಡ್ಡ ಟೈರನ್ನು. 235/70 ಆರ್ 16 ಟೈರಿನ ವ್ಯಾಸವನ್ನು ಹೀಗೆ ಕಾಣಬಹುದು. ರಿಮ್ 16 ಅಂಗುಲ, ಅಂದರೆ 406.4 ಮಿ.ಮೀ. ಪಾರ್ಶ್ವದ ಎತ್ತರ 235ರ ಶೇ. 70, ಅಂದರೆ 164.5 ಮಿ.ಮೀ.; ಎರಡು ಕಡೆ ಸೇರಿ 329. ಒಟ್ಟು 735.4 ಮಿ.ಮೀ. 245/75 ಆರ್ 16 ಟೈರಿಗೆ ಇದೇ ಲೆಕ್ಕದಲ್ಲಿ 773.9 ಮಿ.ಮೀ. ಬರುತ್ತದೆ. ವ್ಯಾಸದಲ್ಲಿ ಶೇ. 5.2ರಷ್ಟು ಹೆಚ್ಚಳವಾದರೂ ನೆಲದಿಂದ ವಾಹನ ಏರುವುದು ಅದರರ್ಧ, ಸುಮಾರು 19 ಮಿ.ಮೀ. ಮಾತ್ರ. ಹಳೆಯ ಟೈರಿನಲ್ಲಿ ಸರಿಯಾಗಿ 80 ಕಿ.ಮೀ. ತೋರಿಸುತ್ತಿದ್ದ ವೇಗಮಾಪಕವು ಅದೇ 80ನ್ನು ತೋರುವಾಗ ವಾಹನ 84 ಕಿ.ಮೀ. ವೇಗದಲ್ಲಿರುತ್ತದೆ. ಅದೇ ಬ್ರೇಕು ದೊಡ್ಡ ಚಕ್ರವನ್ನು ನಿಲ್ಲಿಸಬೇಕಾಗುತ್ತದೆ. ಗೇರಿನ ಎಳೆತವೂ ಕುಗ್ಗುತ್ತದೆ. ಇಷ್ಟನ್ನು ಗ್ರಾಹಕನ ಮುಂದೆ ಕಾಗದದ ಮೇಲೆ ತೋರಿಸಿ, ತಯಾರಕರು ಆ ಮಾದರಿಗೆ ಸೂಚಿಸಿದ ಅಳತೆಯನ್ನೇ ಕೊಡುವ ವರ್ತಕನನ್ನು ಗ್ರಾಹಕ ಮರೆಯುವುದಿಲ್ಲ.

ಕಾನೂನಿನ ಎಲ್ಲೆ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಅನುಮೋದಿತ ಕಿಟ್ಟಿನಿಂದ ಇಂಧನ ಬದಲಾವಣೆಯಂತಹ ಕೆಲವು ವಿನಾಯಿತಿಗಳು ಮಾತ್ರ ಇವೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಲುವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವನ್ನು ನಿಯಮಕ್ಕೆ ಹೊಂದದ ರೀತಿಯಲ್ಲಿ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ, ಅಥವಾ ಎರಡೂ ಉಂಟು. ಬುಲ್ ಬಾರ್ ಮತ್ತು ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಆಸ್ಟ್ರೇಲಿಯದಲ್ಲಿ ಒಂದು ಉದ್ದಿಮೆಯನ್ನೇ ಬೆಳೆಸಿದ ಸರಕು ಇಲ್ಲಿ ಮಾರಲು ತಕ್ಕುದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಸರಕನ್ನು ಮೂರು ವರ್ಗವಾಗಿ ವಿಂಗಡಿಸಿಕೊಳ್ಳುವುದು ಸೂಕ್ತ:

1. ಮೂಲ ಅಳತೆಯ ಬದಲಿ ಭಾಗಗಳು ಮತ್ತು ಎಣ್ಣೆ, ಗ್ರೀಸ್, ಫಿಲ್ಟರ್, ಬುಷ್‌ಗಳು. ಇವಕ್ಕೆ ವರ್ಷವಿಡೀ ಬೇಡಿಕೆಯಿದೆ. ಬಂಡವಾಳದ ಹೆಚ್ಚಿನ ಪಾಲು ಇಲ್ಲಿರಲಿ.

2. ವಾಹನದ ಮೂಲ ವಿವರವನ್ನು ಬದಲಿಸದ ಉಪಕರಣಗಳು: ಗಾಳಿಯ ಒತ್ತಡಮಾಪಕ, ಕಿರು ಕಂಪ್ರೆಸರ್, ಎಳೆಯುವ ಪಟ್ಟಿ, ಶ್ಯಾಕಲ್, ಸಾಧನಪೆಟ್ಟಿಗೆ. ಸಣ್ಣ ತಯಾರಕರಿಗೆ ತಕ್ಕ ವರ್ಗ ಇದು.

3. ವಾಹನದ ಎತ್ತರ, ಅಗಲ, ಎಂಜಿನ್, ಚಾಸಿಗಳನ್ನು ಬದಲಿಸುವ ಭಾಗಗಳು. ಸಾರಿಗೆ ಪ್ರಾಧಿಕಾರದಿಂದ ಲಿಖಿತವಾಗಿ ತಿಳಿದುಕೊಳ್ಳದೆ ಇವುಗಳಲ್ಲಿ ಹಣ ತೊಡಗಿಸಬಾರದು. ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೂ ಇವು ತೊಡಕಾಗಬಲ್ಲವು.

ಸುರಕ್ಷತೆಯೇ ಮೊದಲು

ಕೆಸರಿನಲ್ಲಿ ಹೂತ ವಾಹನವನ್ನು ಎಳೆಯುವ ಕೊಂಡಿಗಳ ಬಗೆಗೆ ವಿಶೇಷ ಎಚ್ಚರ ಅಗತ್ಯ. ಟ್ರೈಲರ್ ಜೋಡಿಸುವ ಗುಂಡಿಗೆ ಪಟ್ಟಿ ಸಿಕ್ಕಿಸಿ ಎಳೆದಾಗ ಅದು ಮುರಿದು ಸಿಡಿದು ಆಸ್ಟ್ರೇಲಿಯದಲ್ಲಿ ಸಾವುಗಳು ಸಂಭವಿಸಿವೆ. ಶ್ಯಾಕಲ್ ತಯಾರಿಸುವವರು ಅದು ಹೊರುವ ಭಾರವನ್ನು ಲೋಹದ ಮೇಲೆಯೇ ಮೂಡಿಸಬೇಕು. ಪ್ರಮಾಣೀಕೃತ 16 ಮಿ.ಮೀ. ಬಿಲ್ಲು ಶ್ಯಾಕಲಿಗೆ 3.25 ಟನ್, 19 ಮಿ.ಮೀ.ಗೆ 4.75 ಟನ್ ಎಂಬುದು ರೂಢಿಯ ಗುರುತು. ಪರೀಕ್ಷಿಸದೆ ಇದೇ ಅಂಕಿಯನ್ನು ಒತ್ತಿ ಮಾರುವುದು ಗ್ರಾಹಕನಿಗೆ ಬಗೆವ ದ್ರೋಹ. ಬೋಲ್ಟುಗಳ ತಲೆಯ ಮೇಲಿನ 8.8 ಎಂಬ ಗುರುತು ಕೂಡ ಅಲಂಕಾರಕ್ಕಲ್ಲ. ಅದು 800 ಮೆಗಾಪಾಸ್ಕಲ್ ಎಳೆತ ಬಲವನ್ನೂ, ಅದರ ಶೇ. 80ರಷ್ಟರವರೆಗೆ ಶಾಶ್ವತವಾಗಿ ಹಿಗ್ಗದಿರುವ ಗುಣವನ್ನೂ ಸೂಚಿಸುತ್ತದೆ. ಗುರುತಿಲ್ಲದ ಬೋಲ್ಟನ್ನು ಅದೇ ಡಬ್ಬದಲ್ಲಿ ಬೆರೆಸಿಡಬಾರದು.

ತೆರಿಗೆ ಮತ್ತು ತ್ಯಾಜ್ಯ

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪದ ಶೇ. 18 ಜಿ.ಎಸ್.ಟಿ. ಜಾರಿಗೆ ಬಂದಿತು. ಅದಕ್ಕೂ ಮೊದಲು ಅನೇಕ ಭಾಗಗಳಿಗೆ ಶೇ. 28 ಇತ್ತು. ಹಳೆಯ ದರಪಟ್ಟಿಯಿಂದ ಬೆಲೆ ಹೇಳುವ ವರ್ತಕರು ತಮ್ಮ ಪಟ್ಟಿಗಳನ್ನು ತಿದ್ದಿಕೊಳ್ಳತಕ್ಕದ್ದು.

ಮನೆಯಲ್ಲಿ ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೋ ಕಾಫಿ ಗಿಡದ ಬುಡಕ್ಕೋ ಸುರಿಯುವ ಪದ್ಧತಿ ನಿಲ್ಲಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಅದು ಅಪಾಯಕಾರಿ ತ್ಯಾಜ್ಯವಾಗಿದೆ. ಹೊಸ ಎಣ್ಣೆ ಮಾರುವ ಅಂಗಡಿಯವರು ಹಳೆಯದನ್ನು ಎಲ್ಲಿ, ಯಾರಿಗೆ ಒಪ್ಪಿಸಬೇಕೆಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ತಿಳಿದು ಗ್ರಾಹಕರಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಮನೆಯಂಗಳದಲ್ಲಿ ಸ್ಪ್ಯಾನರ್ ಹಿಡಿದ ಮಾಲೀಕನು ಸರಕಿನ ಗುಣವನ್ನು ತನ್ನ ಕೈಯಿಂದಲೇ ಅಳೆಯುತ್ತಾನೆ. ಮರೆ ಸವೆದ ನಟ್ಟು, ಅಳತೆ ತಪ್ಪಿದ ಬುಷ್ ಅವನಿಗೆ ಅಂದೇ ತಿಳಿದುಹೋಗುತ್ತದೆ. ಸರಿಯಾದ ಸರಕನ್ನೂ ಸರಿಯಾದ ಮಾತನ್ನೂ ಕೊಟ್ಟ ಅಂಗಡಿಗೆ ಅವನು ಮತ್ತೆ ಬರುತ್ತಾನೆ. ನೆರೆಯ ತೋಟದವರನ್ನೂ ಕರೆತರುತ್ತಾನೆ.