ಪುಸ್ತಕದ ಊರು: ನೋಡಲು ಚೆಂದ, ನೆಲೆಸಲು?

ಇಂಗ್ಲೆಂಡ್ ಗಡಿಗೆ ಅಂಟಿಕೊಂಡಂತೆ ವೇಲ್ಸಿನಲ್ಲಿ, ವೈ ನದಿಯ ದಡದಲ್ಲಿ, ಹೇ-ಆನ್-ವೈ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಸುಮಾರು 2,000. 1962ರ ಕೊನೆಯಲ್ಲಿ ಅಲ್ಲಿಗೆ ಪ್ರಯಾಣಿಕರ ರೈಲು ನಿಂತಿತು. ಸುಮಾರು ಅದೇ ಹೊತ್ತಿಗೆ ರಿಚರ್ಡ್ ಬೂತ್ ಎಂಬವರು ಊರಿನ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಹಳೆಯ ಪುಸ್ತಕಗಳ ಅಂಗಡಿ ತೆರೆದರು. ಅಂಥ ಅಂಗಡಿಗಳು ಒಂದೊಂದಾಗಿ ಹೆಚ್ಚಿ, ಹೇ 'ಪುಸ್ತಕದ ಊರು' ಎಂದು ಹೆಸರಾಯಿತು. 1988ರಲ್ಲಿ ಸಾಹಿತ್ಯೋತ್ಸವವೂ ಆರಂಭವಾಯಿತು. ಕೋಟೆಯ ಅಂಗಳದಲ್ಲಿ ಕಾಯುವವರಿಲ್ಲದ ಕಪಾಟುಗಳಿವೆ; ಪುಸ್ತಕ ತೆಗೆದುಕೊಂಡವರು ತಾವಾಗಿಯೇ ಪೆಟ್ಟಿಗೆಗೆ ಹಣ ಹಾಕುತ್ತಾರೆ. ಇದನ್ನೆಲ್ಲ ಕಂಡವರಿಗೆ ಅಲ್ಲೇ ಉಳಿಯುವ ಆಸೆಯಾಗುವುದು ಸಹಜ.

ಆದರೆ ನೆಲೆಸುವವರ ಲೆಕ್ಕ ಬೇರೆ. ರೈಲು ಹಿಡಿಯಲು 30 ಕಿ.ಮೀ.ಗೂ ದೂರದ ಹೆರಿಫರ್ಡ್‌ಗೆ ಹೋಗಬೇಕು. ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದ ಬೇಡಿಕೆ ಮತ್ತು ಪೂರೈಕೆಯನ್ನು ನೆನಪಿಸಿಕೊಳ್ಳಿ: ಇಂಥ ಊರುಗಳಲ್ಲಿ ಮನೆಗಳು ಕಡಿಮೆಯಿದ್ದು ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ. ಆಗ ಅಲ್ಲೇ ಹುಟ್ಟಿ ಬೆಳೆದ ಯುವಜನರಿಗೇ ಮನೆ ಎಟುಕುವುದಿಲ್ಲ.

ಚೆಂದದ ಊರನ್ನು ನೋಡಿ ಬರಲು ಒಂದು ದಿನ ಸಾಕು. ಅಲ್ಲಿ ಬಾಳಲು ಕೆಲಸ, ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವೂ ಬೇಕು. ಬೂತ್ ತೆರೆದದ್ದು ಒಂದು ಅಂಗಡಿ; ಅದರಿಂದ ಇನ್ನೂ ಹಲವರಿಗೆ ದುಡಿಮೆಯ ದಾರಿಯಾಯಿತು. ಓದು ಮುಗಿಸಿ ನಗರಕ್ಕೆ ಹೋಗಲು ಕಾಯುತ್ತಿರುವ ನಾವು ಒಮ್ಮೆ ಯೋಚಿಸೋಣ: ನಮ್ಮೂರಿನಲ್ಲಿ ಯಾವ ಅಂಗಡಿ ತೆರೆಯಬಹುದು?